ಕಿವಿ ಹೋದರೆ ಬನ್ನಿ

"ಕಿವಿ ಪೂರ್ತಿ ಹೋಗಿದೆಯಾ, ಇಲ್ಲ ಬರೀ ಗುಂಯ್ ಅನ್ನುತ್ತಿದೆಯಾ?"

ಹೆಡ್ ಕಾನ್‌ಸ್ಟೆಬಲ್ ಕೇಳಿದ್ದು ಕೊಂಕಣಿಯಲ್ಲಿ. ನಾನು ಕನ್ನಡಕ್ಕೆ ತಿರುಗಿಸಿದೆ. ಪಕ್ಕದಲ್ಲಿ ನಿಂತಿದ್ದ ಯಲ್ಲವ್ವ ಎಡಗಿವಿ ಮುಟ್ಟಿ ನೋಡಿಕೊಂಡು, "ಗುಂಯ್ ಅಂತೈತ್ರಿ" ಅಂದಳು.

"ಹಾಗಾದರೆ ಎನ್.ಸಿ.," ಎಂದರು ಅವರು.

ಯಲ್ಲವ್ವ ದಿನಾ ಚಿಂಬಲ್‌ನಿಂದ ಬಂದು, ಪಣಜಿಯ ನಮ್ಮ ಮನೆ ಎದುರು ಏಳುತ್ತಿರುವ ಅಪಾರ್ಟ್‌ಮೆಂಟಿಗೆ ಕಲ್ಲು ಹೊರುತ್ತಾಳೆ. ಹಿಂದಿನ ದಿನ ಮಧ್ಯಾಹ್ನ ಕೂಸಿಗೆ ಹಾಲು ಕುಡಿಸಲು ಕೂತಿದ್ದಳು. ಕೂತಿದ್ದು ಹೆಚ್ಚಾಯಿತು ಅಂತ ಮೇಸ್ತ್ರಿ ಎಲ್ಲರೆದುರು ಕಪಾಳಕ್ಕೆ ಬಾರಿಸಿದ.

ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬಂದು, "ಅಣ್ಣಾರ, ನಿಮಗ ಇಲ್ಲಿ ಭಾಷಾ ಬರ್ತೈತಿ, ಸ್ಟೇಶನ್ನಿಗಿ ಬರ್ರಿ" ಅಂದಳು. ತಲೆ ಬಾಚಿ, ಹೂ ಮುಡಿದು, ಇಳಕಲ್ ಸೀರೆ ಉಟ್ಟಿದ್ದಳು. ಕೆನ್ನೆ ಬಾತಿದ್ದು ಕಾಣದಂತೆ ಪೌಡರ್ ಬೇರೆ. (ದೊಡ್ಡವರ ಮುಂದೆ ಹೇಗೆಂದರೆ ಹಾಗೆ ಹೋಗಲಾದೀತೆ?) ಏಟು ತಿಂದವರು ಯಾರು ಅಂತ ಕಾನ್‌ಸ್ಟೆಬಲ್ ಮೊದಲು ನನ್ನನ್ನೇ ನೋಡಿದರು.

"ಅವನ್ನ ಕರದು ಒಂದ್ ಮಾತು ಕೇಳಿದ್ರ ಸಾಕ್ರಿ. ನಾಳಿ ಮತ್ತ ಅವನ ಕೈಕೆಳಗ ದುಡೀಬೇಕು." ಇಷ್ಟೇ ಆಕೆಯ ಬೇಡಿಕೆ. ಜೈಲು ಬೇಡ, ದಂಡ ಬೇಡ. ಇನ್ನೊಮ್ಮೆ ಕೈ ಎತ್ತಬಾರದು.

ಕಾನ್‌ಸ್ಟೆಬಲ್ ಸಜ್ಜನರು. ಚಹಾ ತರಿಸಿದರು, ಕಾನೂನನ್ನೂ ಬಿಡಿಸಿ ಹೇಳಿದರು. ಅಪರಾಧಗಳಲ್ಲಿ ಎರಡು ಜಾತಿ. ಒಂದರಲ್ಲಿ ಪೊಲೀಸರು ತಾವೇ ಹೋಗಿ ಹಿಡಿಯಬಹುದು. ಇನ್ನೊಂದು ಎನ್.ಸಿ., ಅಂದರೆ ನಾನ್-ಕಾಗ್ನಿಜಬಲ್: ದೂರು ಬರೆದುಕೊಳ್ಳಬಹುದು, ಆದರೆ ಕೋರ್ಟು ಹೇಳದೆ ತನಿಖೆಯಿಲ್ಲ, ವಾರಂಟ್ ಇಲ್ಲದೆ ಅರೆಸ್ಟಿಲ್ಲ. ಬರಿಗೈಯಲ್ಲಿ ಹೊಡೆದರೆ ಎನ್.ಸಿ.; ಚಾಕುವಿನಲ್ಲಿ ಹೊಡೆದರೆ ಅಲ್ಲ. ಕಿವಿ ಕಾಯಂ ಹೋದರೂ ಅಲ್ಲ, ಅದು ತೀವ್ರ ಗಾಯ. ಆಗ ಧಾರಾಳವಾಗಿ ಬರಬಹುದು.

ಅದೇ ಯಲ್ಲವ್ವ ಮೇಸ್ತ್ರಿಯ ಹತ್ತು ಸಾವಿರದ ಮೊಬೈಲ್ ಎತ್ತಿಕೊಂಡು ಹೋದರೆ? (ಕೇಳಿದ್ದು ನಾನು.) ಅದು ಕಳವು. ಜೀಪು ಈಗಲೇ ಹೊರಡುತ್ತದೆ, ಠಾಣೆಯಲ್ಲಿ ಜಾಮೀನೂ ಸಿಗುವುದಿಲ್ಲ.

"ಅಂದ್ರ ಅವ ಏನೂ ತಪ್ಪು ಮಾಡಿಲ್ಲಂತಾತೇನ್ರಿ?" ಯಲ್ಲವ್ವ ಕೇಳಿದಳು.

"ಮಾಡ್ಯಾನ. ಶಿಕ್ಷಾನೂ ಐತಿ. ಆದ್ರ ನೀನು ಕೋರ್ಟಿಗಿ ಹೋಗಬೇಕು," ಅಂದೆ.

"ಕೋರ್ಟಿಗಿ ಹೋಗಾಕ ರಜಾ ಕೊಡಾಂವ ಅವನ ಅಲ್ರಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕಾನ್‌ಸ್ಟೆಬಲ್ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಹೊರಗೆ ಬಂದ ಮೇಲೆ ಆಕೆ ದನಿ ತಗ್ಗಿಸಿದಳು. "ಪೊಲೀಸ್ರಿಗಿ ಹೇಳ್ತೀನಿ ಅಂದಾಗ ಮೇಸ್ತ್ರಿ ಖರೇನ ಅಂಜಿದ್ದ್ರಿ. ಈ ಕಾಯ್ದೆ ಅವಗ ಇನ್ನೂ ಗೊತ್ತಿಲ್ಲ."

ಗೊತ್ತಿಲ್ಲದಿರುವುದೇ ಈಗ ಆಕೆಗಿರುವ ರಕ್ಷಣೆ.

ಕಾನೂನಿನ ತಿಳಿವಳಿಕೆ ಎಲ್ಲರಿಗೂ ಮುಟ್ಟಬೇಕು ಅಂತ ನಾನು ಬರೆಯುವ ಕನ್ನಡ ಪೇಪರಿನ ಸಂಪಾದಕರು ಹೇಳುತ್ತಲೇ ಇರುತ್ತಾರೆ. ಹೆಸರು ಬದಲಿಸಿ ಇದನ್ನು ಬರೆದಿದ್ದೇನೆ. ಕಳಿಸಲು ಮಾತ್ರ ಹಿಂದೆ ಮುಂದೆ ನೋಡುತ್ತಿದ್ದೇನೆ. ಯಲ್ಲವ್ವನಿಗೆ ಓದಲು ಬರುವುದಿಲ್ಲ.

ಆ ಸೈಟಿನಲ್ಲಿ ಕನ್ನಡ ಪೇಪರ್ ತರಿಸಿ ಓದುವವನು ಮೇಸ್ತ್ರಿ ಒಬ್ಬನೇ.