ಕೂಗದ ಮೈಕಿನ ಬಯ್ಯಪ್ಪ

ಮಂಚೇನಹಳ್ಳಿಯಲ್ಲಿ ಮದುವೆ ಗೊತ್ತಾದರೆ ಮೊದಲು ಪುರೋಹಿತರಿಗೆ ಹೇಳುತ್ತಾರೆ, ಆಮೇಲೆ ಅಡುಗೆಯವರಿಗೆ, ಅದಾದ ಮೇಲೆ ಮೈಕ್ ಸೆಟ್ಟಿನ ಬಯ್ಯಪ್ಪನಿಗೆ. ಕೊನೆಗೆ ಹೇಳುತ್ತಾರೆಂದು ಅವನಿಗೇನೂ ಬೇಜಾರಿಲ್ಲ. ಮಂತ್ರ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, ಸಾರಿಗೆ ಉಪ್ಪು ಹೆಚ್ಚಾದರೆ ಆ ಪಂಕ್ತಿಯವರಿಗಷ್ಟೇ ಗೊತ್ತಾಗುತ್ತದೆ, ಮೈಕು ಕೂಗಿದರೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುವುದು ಅವನ ವಾದ.

ಮೈಕು ಕೂಗುವುದೆಂದರೇನೆಂದು ಸಮಾರಂಭಗಳಿಗೆ ಹೋಗಿ ಬಂದವರಿಗೆ ಹೇಳಬೇಕಾಗಿಲ್ಲ. ಯಾರೋ ದೊಡ್ಡ ಮನುಷ್ಯರು ಗಂಟಲು ಸರಿಮಾಡಿಕೊಂಡು ‘ಮಾನ್ಯರೇ’ ಎನ್ನುವಷ್ಟರಲ್ಲಿ ಸ್ಪೀಕರ್ ಬಾಕ್ಸುಗಳು ಕುಯ್ಯೆಂದು ಕಿರುಚಿಕೊಳ್ಳುತ್ತವೆ. ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಾರೆ, ಮಕ್ಕಳು ನಗುತ್ತವೆ, ದೊಡ್ಡ ಮನುಷ್ಯರು ಚಿಕ್ಕವರಾಗುತ್ತಾರೆ. ಬಯ್ಯಪ್ಪನ ಮೈಕು ಹಾಗೆ ಕೂಗಿದ್ದನ್ನು ಕೇಳಿದವರಿಲ್ಲ. ‘ಬಯ್ಯಪ್ಪನ ಮೈಕು ಕೂಗಲ್ಲ’ ಎನ್ನುವುದು ಆ ಕಡೆ ಒಂದು ಮಾತಾಗಿಯೇ ಹೋಗಿತ್ತು. ಸಿಟ್ಟು ಬಾರದ ಸೊಸೆಯನ್ನು ಹೊಗಳುವಾಗಲೂ ಅತ್ತೆಯರು ಅದನ್ನೇ ಹೇಳುತ್ತಿದ್ದರು.

ಇದರ ಹಿಂದೆ ಒಂದು ಕಸುಬುಗಾರಿಕೆ ಇತ್ತು. ಜನ ಬರುವ ಮುಂಚೆ, ಖಾಲಿ ಸಭಾಂಗಣದಲ್ಲಿ, ಅವನೇ ಮೈಕಿನ ಸೌಂಡನ್ನು ಏರಿಸುತ್ತ ಹೋಗಿ ಬೇಕೆಂದೇ ಕೂಗಿಸುತ್ತಿದ್ದ. ಕೂಗು ಎದ್ದೊಡನೆ ಮಿಕ್ಸರಿನಲ್ಲಿ ಮೇಲಕ್ಕೂ ಕೆಳಕ್ಕೂ ಜಾರುವ ಗುಂಡಿಗಳ ಸಾಲಿನಲ್ಲಿ ಅದು ಯಾವ ಗುಂಡಿಯದೆಂದು ಹುಡುಕಿ, ಅದೊಂದನ್ನು ಕೆಳಗೆಳೆದುಬಿಡುತ್ತಿದ್ದ. ಕೂಗು ಅಲ್ಲಿಗೆ ಸತ್ತಂತೆ. ಕಳ್ಳನನ್ನು ಹಿಡಿಯಬೇಕಾದರೆ ಒಂದು ಸಲ ಮನೆಯೊಳಕ್ಕೆ ಬಿಟ್ಟುಕೊಳ್ಳಬೇಕು, ಎನ್ನುತ್ತಿದ್ದ. ಒಂದೊಂದು ಕಟ್ಟಡಕ್ಕೂ ಒಂದೊಂದು ಕೂಗಿರುತ್ತದೆ. ಮಂಡಿಕಲ್ಲಿನ ಸ್ಕೂಲಿನದು ಒಡಕು, ಗೌರಿಬಿದನೂರಿನ ಸಭಾಭವನದ್ದು ಸೂಜಿಯಂಥದ್ದು. ಮಂಚೇನಹಳ್ಳಿಯ ಛತ್ರದ್ದು ಮಾತ್ರ ಬೇರೆ. ಅದು ಕುಯ್ಯೆನ್ನುತ್ತಿರಲಿಲ್ಲ. ನೆಲದೊಳಗಿಂದ ಊಂ ಎಂದು ಏಳುತ್ತಿತ್ತು.

ಅವನ ಒಬ್ಬಳೇ ಮಗಳು ತನುಜ ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದು ಖಾಲಿ ಬಾಕ್ಸಿನ ಮೇಲೆ ಕೂತಿರುತ್ತಿದ್ದಳು. ಛತ್ರದ ಆ ಊಂಕಾರ ಏಳುತ್ತಲೇ ಅವಳ ಕಣ್ಣು ಅಗಲವಾಗುತ್ತಿತ್ತು. “ಅಪ್ಪಾ, ಇನ್ನೊಂದ್ಸಲ!” ಎನ್ನುತ್ತಿದ್ದಳು. ಅಷ್ಟರಲ್ಲಿ ಬಯ್ಯಪ್ಪನ ಬೆರಳು ಗುಂಡಿಯನ್ನು ಕೆಳಗೆಳೆದಾಗಿರುತ್ತಿತ್ತು. ಇನ್ನೊಂದು ಸಲ ಎನ್ನುವುದು ಅವನ ಕಸುಬಿನಲ್ಲಿರಲಿಲ್ಲ.

ಈಗ ತನುಜ ಗೌರಿಬಿದನೂರಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರು. ವಾರವೆಲ್ಲ ಬಸ್ಸಿನಲ್ಲಿ ಓಡಾಡಿ ಪಾಠ ಮಾಡುತ್ತಾಳೆ. ಭಾನುವಾರ ಅಪ್ಪನ ಮೈಕ್ ಸೆಟ್ ಅಂಗಡಿಯ ಹಿಂದಿನ ಗೋಡೌನು ಸೇರಿ ಗಿಟಾರ್ ಹಿಡಿಯುತ್ತಾಳೆ. ಬಿತ್ತನೆ ಬೀಜದ ಅಂಗಡಿಯ ವಂಶಿ ಡ್ರಮ್ಸ್ ಬಾರಿಸುತ್ತಾನೆ. ಅವಳ ಕಾಲೇಜಿನಲ್ಲೇ ಕನ್ನಡ ಕಲಿಸುವ ಸಂಘಮಿತ್ರ ದಪ್ಪ ತಂತಿಗಳ ಬೇಸ್ ಗಿಟಾರ್ ನುಡಿಸುತ್ತಾಳೆ. ಮೂವರೂ ಸೇರಿ ನುಡಿಸುವುದಕ್ಕೆ ರಾಕ್ ಸಂಗೀತವೆಂದು ಹೆಸರು. ಅದರಲ್ಲಿ ಪಲ್ಲವಿ ಇಲ್ಲ, ಚರಣವಿಲ್ಲ, ಮಾತೂ ಇಲ್ಲ. ಒಂದೊಂದು ಹಾಡೂ ಗೌರಿಬಿದನೂರಿನ ಬಸ್ಸಿನಷ್ಟೇ ಉದ್ದ. ಮಧ್ಯೆ ಮಧ್ಯೆ ಕಿರುಚಾಟ, ಗೊರಗೊರ, ಇದ್ದಕ್ಕಿದ್ದಂತೆ ಮೌನ.

“ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತಾರೆ. ನಮ್ಮ ಹುಡ್ಗೀದು ಎರಡನೇದು ಕಣೇ” ಎಂದು ಬಯ್ಯಪ್ಪ ಹೆಂಡತಿ ಅಶ್ವತ್ಥಮ್ಮನ ಹತ್ತಿರ ಹೇಳಿದ್ದ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮಗಳು ಪರೀಕ್ಷೆಯ ಪೇಪರ್ ತಿದ್ದಲು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದ ವಾರ ಅವನಿಗೆ ಕೈ ತುರಿಸಿತು. ಅವಳ ಗಿಟಾರಿನ ಆಂಪ್ಲಿಫೈಯರಿನಲ್ಲಿ ಸದಾ ಒಂದು ಗುಯ್‌ಗುಟ್ಟುವಿಕೆ ಇತ್ತು. ಜೇನುಗೂಡಿನ ಪಕ್ಕ ನಿಂತಂತಾಗುತ್ತಿತ್ತು. ಬಿಚ್ಚಿ ನೋಡಿದರೆ ಒಂದು ಬಿಡಿಭಾಗ ಒಣಗಿ ಕೂತಿದೆ. ಹೊಸದು ಹಾಕಿದ, ಸಡಿಲವಾದ ಕಡೆಯೆಲ್ಲ ಬೆಸುಗೆ ಹಾಕಿದ, ಧೂಳು ಒರೆಸಿ ಮುಚ್ಚಿದ. ಮಗಳಿಗೆ ಆಶ್ಚರ್ಯವಾಗಲಿ ಎಂದು ಹೇಳಲೂ ಇಲ್ಲ.

ಆಶ್ಚರ್ಯವೇನೋ ಆಯಿತು. ಭಾನುವಾರ ಅವಳು ಗಿಟಾರ್ ಸಿಕ್ಕಿಸಿ, ಬಾಗಿ ಕಿವಿಗೊಟ್ಟಳು. ಮತ್ತೆ ಕಿವಿಗೊಟ್ಟಳು.

“ಅಪ್ಪಾ, ಇದಕ್ಕೇನ್ ಮಾಡ್ದೆ?”

“ರಿಪೇರಿ ಮಾಡ್ದೆ ಕಣಮ್ಮ. ಈಗ ನೋಡು, ದೇವಸ್ಥಾನ ಇದ್ದಂಗೈತೆ.”

ತನುಜ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ. “ಆ ಗುಯ್ ಅನ್ನೋದನ್ನ ನಾನು ಸಾಕಿದ್ದೆ ಅಪ್ಪಾ. ಅದರ ಮೇಲೇ ಎಲ್ಲಾ ಕಟ್ಟಿದ್ದೆ” ಎಂದಳು.

ಬಯ್ಯಪ್ಪ ಕಸದ ಡಬ್ಬಿಯಿಂದ ಹಳೆಯ ಭಾಗವನ್ನು ಹೆಕ್ಕಿ ತಂದು ಮತ್ತೆ ಜೋಡಿಸಿದ. ಕೆಟ್ಟದ್ದನ್ನು ತೆಗೆದು ಒಳ್ಳೆಯದು ಹಾಕಿದ್ದ ಕೈ, ಆವತ್ತು ಒಳ್ಳೆಯದನ್ನು ತೆಗೆದು ಕೆಟ್ಟದ್ದು ಹಾಕಿತು. ಗುಯ್‌ಗುಟ್ಟುವಿಕೆ ವಾಪಸ್ಸು ಬಂದಾಗ ಮಗಳ ಮುಖ ಅರಳಿದ್ದನ್ನು ನೋಡಿ ಅವನಿಗೆ ತಲೆಬುಡ ತಿಳಿಯಲಿಲ್ಲ. ಅವನು ಹೊರಟಾಗ ಅವಳು ಒಂದು ಪೆನ್ ಡ್ರೈವ್ ಕೊಟ್ಟಳು. ಅದರಲ್ಲಿ ಅವರ ನುಡಿಸಾಣಿಕೆಯೂ ಇತ್ತು, ದೂರದೇಶದವರ ಇಂಥದ್ದೇ ಸಂಗೀತವೂ ಇತ್ತು.

“ಇಷ್ಟಪಡ್ಬೇಕು ಅಂತೇನೂ ಇಲ್ಲ. ತಪ್ಪು ಹುಡುಕೋಕೆ ಕೇಳು. ಅದು ನಿಂಗೆ ಚೆನ್ನಾಗಿ ಬರುತ್ತಲ್ಲ” ಎಂದಳು.

ಹಾಗೇ ಕೇಳಿದ. ಬಾಕ್ಸು, ವೈರು ಹೇರಿಕೊಂಡು ಗೂಡ್ಸ್ ಆಟೋದಲ್ಲಿ ಊರೂರು ಹೋಗುವಾಗ ಪೆನ್ ಡ್ರೈವ್ ಹಾಕಿಕೊಂಡು ತಪ್ಪು ಹುಡುಕಿದ. ಇಲ್ಲಿ ವೈರು ಸಡಿಲ, ಇಲ್ಲಿ ಸ್ಪೀಕರ್ ಹರಿದಿದೆ, ಇಲ್ಲಿ ಡ್ರಮ್ಮಿನವನಿಗೆ ಗಿಟಾರಿನವನ ಮೇಲೆ ಕೋಪ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯಲ್ಲಿ ಕೋಣ ತಾನೋ, ಈ ಬಾರಿಸುವವರೋ ಎಂದು ಅವನಿಗೇ ಅನುಮಾನ ಬರುತ್ತಿತ್ತು. ಮೊದಮೊದಲು ತಲೆನೋವು ಬಂದು ಬಂದ್ ಮಾಡುತ್ತಿದ್ದ. ಆದರೆ ಕಸುಬಿನವನಿಗೆ ಒಂದು ಹಟ ಇರುತ್ತದೆ. ತಪ್ಪು ಎಲ್ಲಿದೆಯೆಂದು ಗೊತ್ತಾಗುವವರೆಗೆ ಕೈ ಬಿಡುವುದಿಲ್ಲ. ಅದೇ ಹಾಡನ್ನು ಮತ್ತೆ ಮತ್ತೆ ಹಾಕಿದ.

ಒಂದು ಬೆಳಗ್ಗೆ ಗೌರಿಬಿದನೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿ ಕೂತ. ಪೆನ್ ಡ್ರೈವಿನಲ್ಲಿ ಬರುತ್ತಿದ್ದದ್ದು ಮಗಳ ಗುಂಪಿನ ಹಾಡು. ಒಂದೇ ಸ್ವರವನ್ನು ಮೂವರೂ ತಿರುವಿ ತಿರುವಿ ನುಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ತನುಜಳ ಗಿಟಾರು ಆ ಸ್ವರ ಬಿಟ್ಟು ಪಕ್ಕಕ್ಕೆ ಜಾರುತ್ತದೆಂದು, ಕರ್ಕಶವಾಗಿ ಕಿರುಚುತ್ತದೆಂದು ಅವನಿಗೆ ಕೇಳಿ ಕೇಳಿ ಗೊತ್ತಿತ್ತು. ಈಗ ಬರುತ್ತದೆ ಎಂದುಕೊಂಡ. ಬರಲಿಲ್ಲ. ಕೈ ಸ್ಟೀರಿಂಗ್ ಮೇಲೆ ಬಿಗಿಯಾಯಿತು. ಕೊನೆಗೆ ಆ ಕಿರುಚು ಬಂದಾಗ ಅವನ ತೋಳಿನ ಕೂದಲು ನಿಂತವು. ಆಗ ಹೊಳೆಯಿತು, ತಾನು ತಪ್ಪು ಹುಡುಕುತ್ತಿಲ್ಲ, ತಪ್ಪಿಗೆ ಕಾಯುತ್ತಿದ್ದೇನೆ. ಅದು ಬಾರದಿದ್ದರೆ ಈ ಬೆಳಗ್ಗೆಯೇ ಸಪ್ಪೆಯಾಗುತ್ತಿತ್ತು. ಗೇಟು ಯಾವಾಗ ತೆರೆಯಿತೋ ಅವನಿಗೆ ತಿಳಿಯದು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಬೈದುಕೊಂಡು ಮುಂದೆ ಹೋದರು.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆ.

ಆಷಾಢ ಬಂತು. ಮದುವೆಗಳಿಲ್ಲದೆ ಛತ್ರ ಖಾಲಿ, ಬಯ್ಯಪ್ಪನೂ ಖಾಲಿ. ತನುಜ ಬಂದು, ತಮ್ಮ ಮೊದಲ ಕಾರ್ಯಕ್ರಮ ಊರ ಛತ್ರದಲ್ಲೇ ಆಗಬೇಕೆಂದಳು. ಛತ್ರ ನೋಡಿಕೊಳ್ಳುವ ಭಾನುಪ್ರಕಾಶನೂ ಹೂಂ ಅಂದಿದ್ದಾನಂತೆ.

“ಮೈಕ್ ಸೆಟ್ ನಿಂದೇ ಅಪ್ಪಾ. ಆದರೆ ಸ್ಟೇಜ್ ಮೇಲೆ ಒಂದು ಮೈಕು ತೆರೆದೇ ಇರುತ್ತೆ. ಅದರಿಂದ ಛತ್ರ ಕೂಗ್ಬೇಕು. ಆ ಕೂಗಿನ ಜೊತೆ ನಾನು ನುಡಿಸ್ತೀನಿ.”

“ಛತ್ರ ಯಾಕಮ್ಮ ಕೂಗ್ಬೇಕು?”

“ಚಿಕ್ಕೋಳಿದ್ದಾಗ ಇನ್ನೊಂದ್ಸಲ ಇನ್ನೊಂದ್ಸಲ ಅಂತಿದ್ದೆ. ನೀನು ಒಂದಿನಾನೂ ಕೇಳಿಸ್ಲಿಲ್ಲ.”

ಬಯ್ಯಪ್ಪನಿಗೆ ಬಿಸಿ ತುಪ್ಪ ಬಾಯಿಗಿಟ್ಟಂತಾಯಿತು. ಕೇಳುತ್ತಿರುವವಳು ಮಗಳು. ಕೇಳುತ್ತಿರುವುದು ಅವನ ಜೀವಮಾನದ ಹೆಸರು. ಊರವರ ಎದುರು, ಊರ ಛತ್ರದಲ್ಲಿ, ಬಯ್ಯಪ್ಪನ ಮೈಕು ಕೂಗಬೇಕು! “ಆಯ್ತು ಬಿಡಮ್ಮ, ನೋಡಣ” ಎಂದ. ‘ನೋಡಣ’ ಎಂದರೆ ಆ ಕಡೆ ಹೂಂ ಎಂದೂ ಅರ್ಥ, ಊಹೂಂ ಎಂದೂ ಅರ್ಥ.

ಕಾರ್ಯಕ್ರಮದ ದಿನ ಮಧ್ಯಾಹ್ನ ತನುಜಳೇ ಗುಂಡಿಗಳನ್ನು ಹೊಂದಿಸಿ, ಛತ್ರವನ್ನು ಒಂದು ಗಳಿಗೆ ಕೂಗಿಸಿ ನೋಡಿ, ತೃಪ್ತಿಯಿಂದ ಬಟ್ಟೆ ಬದಲಾಯಿಸಲು ಹೋದಳು. ಸಂಜೆ ಜನ ಬಂದರು. ಅವಳ ವಿದ್ಯಾರ್ಥಿಗಳು, ನೆಂಟರು, ಆಷಾಢದಲ್ಲಿ ಛತ್ರದ ದೀಪ ಹತ್ತಿದ್ದೇಕೆಂದು ನೋಡಲು ಬಂದವರು. ಅಶ್ವತ್ಥಮ್ಮ ಪಕ್ಕದ ಮನೆಯ ಮುದುಕಿ ಅಮ್ಮಾಜಮ್ಮನನ್ನೂ ಕರೆತಂದಿದ್ದಳು. ಭಾನುಪ್ರಕಾಶ ಮಿಕ್ಸರಿನ ಮೇಜಿನ ಹತ್ತಿರ ಬಂದು ಬಯ್ಯಪ್ಪನ ಹೆಗಲು ತಟ್ಟಿದ.

“ಏನ್ ಬಯ್ಯಪ್ಪಣ್ಣ, ಮಗಳ ಕಚೇರಿ! ಪಾಪ, ಹುಡುಗ್ರು ಹೆಂಗನಾ ಬಾರಿಸ್ಲಿ, ನಿನ್ ಮೈಕಂತೂ ಕೂಗಲ್ಲ ಬಿಡು.”

ಅವನು ಅತ್ತ ಹೋದ. ಬಯ್ಯಪ್ಪನ ಬೆರಳು ಇತ್ತ ಗುಂಡಿಯ ಮೇಲೆ ಹೋಯಿತು. ಛತ್ರದ ಗುಂಡಿ. ಕಣ್ಣು ಮುಚ್ಚಿದರೂ ಅವನಿಗೆ ಸಿಗುತ್ತದೆ. ಇಷ್ಟೆಲ್ಲ ಸದ್ದಿನಲ್ಲಿ ಒಂದು ಕೂಗು ಇಲ್ಲದಿದ್ದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡ. ಕೆಳಗೆಳೆದ.

ನುಡಿಸಾಣಿಕೆ ಶುರುವಾಯಿತು. ಸಂಘಮಿತ್ರಳ ದಪ್ಪ ತಂತಿ ನಡೆಯಿತು, ವಂಶಿ ಅದರ ಹಿಂದೆ ಡ್ರಮ್ಮಿನ ಮೇಲೆ ಸಣ್ಣಗೆ ಕಡ್ಡಿಯಾಡಿಸಿದ. ತನುಜ ಒಂದು ಸ್ವರ ಮೀಟಿ, ಕೈ ಎತ್ತಿ, ನಿಂತಳು. ಏನೂ ಬರಲಿಲ್ಲ. ಮತ್ತೆ ಮೀಟಿದಳು, ಮತ್ತೆ ನಿಂತಳು. ಅವಳು ಅಪ್ಪನ ಕಡೆ ನೋಡಿದ್ದರೆ ಬಯ್ಯಪ್ಪ ಮುಖ ತಿರುಗಿಸಿ ತಪ್ಪಿಸಿಕೊಳ್ಳುತ್ತಿದ್ದನೇನೋ. ಅವಳು ಅವನ ಕಡೆ ನೋಡಲಿಲ್ಲ. ತನ್ನ ಗಿಟಾರಿನ ಕಡೆ ನೋಡಿಕೊಂಡಳು, ಬಗ್ಗಿ ವೈರು ಮುಟ್ಟಿದಳು, ತಪ್ಪು ತನ್ನದೇ ಎಂಬಂತೆ. ಆಮೇಲೆ ತಲೆಯೆತ್ತಿ ಸೂರಿನ ಕಡೆ ನೋಡಿದಳು. ಬಾಕ್ಸಿನ ಮೇಲೆ ಕೂತು ‘ಇನ್ನೊಂದ್ಸಲ’ ಎನ್ನುತ್ತಿದ್ದಾಗ ನೋಡುತ್ತಿದ್ದ ಹಾಗೆಯೇ.

ಥೂ, ನಾನೆಂಥ ಅಪ್ಪ, ಎಂದುಕೊಂಡು ಬಯ್ಯಪ್ಪ ಗುಂಡಿಯನ್ನು ಮೇಲಕ್ಕೆ ತಳ್ಳಿದ. ಅವಳು ಇಟ್ಟಿದ್ದಕ್ಕಿಂತಲೂ ಮೇಲಕ್ಕೆ.

ಮೊದಲು ಕಾಲಿಗೆ ಗೊತ್ತಾಯಿತು. ಆಮೇಲೆ ಹಿಂದಿನ ಕಂಬಗಳ ಕಡೆಯಿಂದ ಊಂ ಎಂದು ಎದ್ದು ಬಂತು. ಎಷ್ಟೋ ವರ್ಷಗಳಿಂದ ಅವನು ಅರೆಗಳಿಗೆ ಕೇಳಿ ಕತ್ತು ಹಿಸುಕಿದ್ದ ಅದೇ ಕೂಗು. ಈ ಸಲ ಯಾರೂ ಹಿಸುಕಲಿಲ್ಲ. ಅದು ಬೆಳೆಯಿತು. ಗೋಡೆಯಿಂದ ಗೋಡೆಗೆ ಹೋಗಿ ಬಂತು. ಉಗ್ರಾಣದಲ್ಲಿ ಜೋಡಿಸಿಟ್ಟಿದ್ದ ಊಟದ ತಟ್ಟೆಗಳೆಲ್ಲ ಝಣಝಣ ಎನ್ನತೊಡಗಿದವು. ತನುಜ ನಕ್ಕು, ತಂತಿಯನ್ನು ಒತ್ತಿ, ಆ ಕೂಗಿನ ಪಕ್ಕದಲ್ಲಿ ತನ್ನ ಸ್ವರವನ್ನು ತಂದು ನಿಲ್ಲಿಸಿದಳು. ಎರಡೂ ಒಂದನ್ನೊಂದು ಉಜ್ಜಿದವು. ಉಜ್ಜಿದಲ್ಲಿಂದ ಮೂರನೆಯದೊಂದು ದನಿ ಹುಟ್ಟಿತು. ಅದನ್ನು ಯಾರೂ ನುಡಿಸುತ್ತಿರಲಿಲ್ಲ. ಬಯ್ಯಪ್ಪ ಮೂವರ ಕೈಗಳನ್ನೂ ನೋಡಿದ, ಬಾಕ್ಸುಗಳನ್ನು ನೋಡಿದ. ಆ ದನಿ ಎಲ್ಲಿಂದಲೂ ಬರುತ್ತಿರಲಿಲ್ಲ, ಆದರೂ ಇತ್ತು.

ಅವನಿಗೆ ಭಯವಾಯಿತು. ಆಮೇಲೆ ಆ ಭಯವೇ ಸಂತೋಷವಾಯಿತು. ಈ ಛತ್ರದಲ್ಲಿ ಎಷ್ಟು ಮದುವೆಗೆ ಮೈಕ್ ಹಾಕಿದ್ದೇನೆ, ಅಷ್ಟು ದಿನವೂ ಇದು ಇಲ್ಲೇ ಇತ್ತು, ಬಾಯಿ ಮುಚ್ಚಿಸಿದವನು ನಾನು ಎಂದುಕೊಂಡ. ಕಣ್ಣಲ್ಲಿ ನೀರು ಧಾರಾಳವಾಗಿ ಇಳಿಯಿತು. ಒರೆಸಿಕೊಳ್ಳಲು ಗುಂಡಿಯ ಮೇಲಿನ ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ.

ಎಲ್ಲರಿಗೂ ಹಾಗಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ನೆಂಟರಲ್ಲಿ ಅರ್ಧ ಜನ ಎದ್ದು ಹೋದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬಾಗಿಲಲ್ಲಿ ಯಾರೋ ಅಂದದ್ದೂ ಉಂಟು. ಅಶ್ವತ್ಥಮ್ಮ ಸೆರಗಿನ ತುದಿ ಹಿಡಿದುಕೊಂಡು ಮಗಳನ್ನೇ ನೋಡುತ್ತ ಕೂತಿದ್ದಳು. ಅಮ್ಮಾಜಮ್ಮ ಮೊದಲು ಕಿವಿ ಮುಚ್ಚಿಕೊಂಡವಳು ಆಮೇಲೆ ಒಂದೊಂದೇ ಕೈ ಇಳಿಸಿದಳು. ಮುಗಿದ ಮೇಲೆ, “ಭೂಮ್ತಾಯಿ ಮಾತಾಡ್ದಂಗಾಯ್ತು ಕಣಪ್ಪ, ಏನಂದ್ಲೋ ತಿಳೀಲಿಲ್ಲ” ಎಂದಳು. ಭಾನುಪ್ರಕಾಶ ಮಾತ್ರ ಓಡಿ ಬಂದ.

“ಬಯ್ಯಪ್ಪಣ್ಣ! ನಿನ್ ಮೈಕು ಕೂಗಿಬಿಡ್ತಲ್ಲಣ್ಣ!”

“ಅದಾಗೇ ಕೂಗ್ಲಿಲ್ಲಪ್ಪ” ಎಂದ ಬಯ್ಯಪ್ಪ. “ನಾನೇ ಕೂಗಿಸ್ದೆ.”

ವೈರು ಸುತ್ತುತ್ತಿದ್ದ ತನುಜ ಅದನ್ನು ಕೇಳಿಸಿಕೊಂಡಳು. ಹತ್ತಿರ ಬಂದು, ಮೊದಲು ಗುಂಡಿ ಇಳಿಸಿದವರು ಯಾರೆಂದು ಕೇಳಲಿಲ್ಲ. ಭೌತಶಾಸ್ತ್ರದ ಲೆಕ್ಚರರಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಅಪ್ಪನ ಒದ್ದೆ ಕೆನ್ನೆ ನೋಡಿ, “ಇನ್ನೊಂದ್ಸಲ ಮಾಡಣಾ ಅಪ್ಪಾ?” ಎಂದಳು ಅಷ್ಟೇ.

ಶ್ರಾವಣದ ಮೊದಲ ಮದುವೆ ಅದೇ ಛತ್ರದಲ್ಲಿ. ಬಯ್ಯಪ್ಪ ಎಂದಿನಂತೆ ಜನ ಬರುವ ಮುಂಚೆ ಬಂದು ಬಾಕ್ಸು ಜೋಡಿಸಿ, ಮೈಕನ್ನು ಏರಿಸುತ್ತ ಹೋದ. ಊಂ ಎಂದು ಎದ್ದಿತು. ಬೆರಳು ಗುಂಡಿಯ ಮೇಲಿತ್ತು. ಅಡುಗೆಮನೆಯಿಂದ ಭಟ್ಟರೊಬ್ಬರು ಸೌಟು ಹಿಡಿದುಕೊಂಡೇ ಆಚೆ ಬಂದರು.

“ಬಯ್ಯಪ್ಪಣ್ಣೋ, ಮೈಕು ಕೂಗ್ತಾ ಇದೆ!”

“ಕೂಗ್ಲಿ ಬಿಡಿ ಸ್ವಾಮಿ. ಇನ್ನೇನ್ ನೆಂಟ್ರು ಬಂದ್ಬಿಡ್ತಾರೆ. ಅಲ್ಲೀಗಂಟ ಒಂಚೂರು ಕೇಳಣ.”