ಇಂಟರ್‌ನೆಟ್ಟಿನ ಸಾಲು ಸರಿ ಮಾಡುವ ವೈರಕ್ಕ

“ನನ್ನ ಟೀವಿ ಮೇಲೆ ಕಣ್ಣು ಹಾಕೋಕೆ ಬಂದಿದ್ರೆ ಈಗಲೇ ಹೇಳಿಬಿಡಿ. ಚಹಾ ಕೊಡೋದೋ ಬೇಡ್ವೋ ಅಂತ ಆಮೇಲೆ ಯೋಚನೆ ಮಾಡ್ತೀನಿ.”

ಬಾಗಿಲನ್ನು ಅರ್ಧವಷ್ಟೇ ತೆರೆದು ಹೀಗೆನ್ನುತ್ತಿರುವವರು ಈ ಮನೆಯ ಅತ್ತೆ. ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಬೀದಿದೀಪ ಆರಿಲ್ಲ, ಮನೆಯಲ್ಲಿ ಉಳಿದವರೆಲ್ಲ ಗಾಢ ನಿದ್ದೆಯಲ್ಲಿದ್ದಾರೆ. ಹೊರಗೆ ನಿಂತ ಹೆಂಗಸು ಹೆಗಲಿನ ಚೀಲ ಇಳಿಸುತ್ತಲೇ ನಗುತ್ತಾರೆ. “ನಿಮ್ಮ ಟೀವಿ ಎಲ್ಲೂ ಹೋಗಲ್ಲಮ್ಮ. ಚಹಾಕ್ಕೆ ಸಕ್ಕರೆ ಮಾತ್ರ ಕಮ್ಮಿ ಇರಲಿ.”

ಇವರು ವೈರಕ್ಕ. ಈ ಸುತ್ತಿನ ನಾಲ್ಕಾರು ಬಡಾವಣೆಗಳಲ್ಲಿ ಇವರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಕೇಳಿದವರೂ ಕಡಿಮೆ. ವಯಸ್ಸು ಐವತ್ತೆರಡು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಚೀಲದಲ್ಲಿ ಹಳೆಯ ಲ್ಯಾಪ್‌ಟಾಪು, ಹತ್ತು ಮಾರು ವೈರು, ಎರಡು ಸ್ಕ್ರೂಡ್ರೈವರು, ಒಂದು ಹಳದಿ ಬಟ್ಟೆ. ಬಟ್ಟೆ ಯಾಕೆ ಅಂದರೆ, ಮೊದಲು ರೌಟರಿನ ಮೇಲಿನ ಧೂಳು ಒರೆಸಬೇಕು. “ಧೂಳು ಒರೆಸಿದ್ರೆ ಸ್ಪೀಡು ಬರಲ್ಲ. ಆದ್ರೆ ಈಕೆಗೆ ಕೆಲಸ ಗೊತ್ತು ಅಂತ ಮನೆಯವರಿಗೆ ಧೈರ್ಯ ಬರುತ್ತೆ” ಎಂದು, ಅವರ ಒಂದು ದಿನದ ಕೆಲಸ ನೋಡಲು ಜೊತೆಗೆ ಬಂದಿರುವ ನನ್ನ ಕಿವಿಯಲ್ಲಿ ಹೇಳುತ್ತಾರೆ.

ಅವರ ಕೆಲಸ ಹೇಳಲು ಸುಲಭ. ಮನೆಗೆ ಬರುವ ಇಂಟರ್‌ನೆಟ್ ಒಂದೇ, ಅದನ್ನು ಹಂಚಿಕೊಳ್ಳುವವರು ಹತ್ತು ಮಂದಿ. ಯಾರದು ಮೊದಲು ಹೋಗಬೇಕು, ಯಾರದು ಸ್ವಲ್ಪ ಕಾದರೂ ನಡೆಯುತ್ತದೆ ಎಂದು ರೌಟರಿಗೆ ಹೇಳಿಕೊಡಬಹುದು. ಅದಕ್ಕೆಂದೇ ಅದರೊಳಗೆ ಒಂದು ಸೆಟ್ಟಿಂಗಿನ ಪುಟವಿದೆ. “ನೂರರಲ್ಲಿ ತೊಂಬತ್ತು ಮನೆಯವರು ಆ ಪುಟ ತೆರೆದೇ ಇರಲ್ಲ. ತೆರೆದ ಹತ್ತು ಮನೆಯವರು ಕೆಡಿಸಿಟ್ಟಿರ್ತಾರೆ. ನನಗೆ ಎರಡು ಕಡೆನೂ ಕೆಲಸವೇ!”

ಇವತ್ತಿನ ಮನೆ ಕೆಡಿಸಿಟ್ಟವರ ಪಂಗಡದ್ದು. ಮತ್ತು ಇವತ್ತಿನ ಕೆಲಸಕ್ಕೆ ಗಡುವಿದೆ: ಎಂಟೂವರೆ.

ಈ ಮನೆಯ ಸೊಸೆ ದುಭಾಷಿ. ವೈದ್ಯರ ಭಾಷೆ ಬಾರದ ರೋಗಿ, ರೋಗಿಯ ಭಾಷೆ ಬಾರದ ವೈದ್ಯರು, ಇಬ್ಬರ ನಡುವೆ ವಿಡಿಯೊ ಕರೆಯಲ್ಲಿ ಕೂತು ಅವರ ಮಾತನ್ನು ಇವರಿಗೂ ಇವರ ಮಾತನ್ನು ಅವರಿಗೂ ದಾಟಿಸುತ್ತಾಳೆ. ಕಳೆದ ತಿಂಗಳು ಎರಡು ಸಲ ಕರೆ ನಡುವೆಯೇ ನಿಂತುಹೋಯಿತು. ಎರಡನೆಯ ಸಲ ಒಬ್ಬ ಅಜ್ಜಿ ಎದೆ ಒತ್ತಿಕೊಂಡು ಎಲ್ಲಿ ನೋಯುತ್ತಿದೆ ಎಂದು ಹೇಳುತ್ತಿದ್ದಳಂತೆ. ಪರದೆಯ ಮೇಲೆ ಬಾಯಿ ತೆರೆದ ಮುಖ, ಧ್ವನಿಯಿಲ್ಲ. ಕೆಲಸ ಕೊಟ್ಟವರು ಕಡ್ಡಿ ಮುರಿದಂತೆ ಹೇಳಿದ್ದಾರೆ: ಇವತ್ತು ಎಂಟೂವರೆಗೆ ನಲವತ್ತು ನಿಮಿಷದ ಪರೀಕ್ಷೆಯ ಕರೆ. ಈ ಸಲವೂ ನಿಂತರೆ ನಾಳೆಯಿಂದ ಬರಬೇಡಿ.

ವೈರಕ್ಕ ಆರು ಗಂಟೆಗೇ ಬರುವುದು ಎಲ್ಲರೂ ಮಲಗಿರುತ್ತಾರೆಂದು. ಯಾರೂ ಬಳಸದಿರುವಾಗ ಲೈನಿನ ನಿಜವಾದ ವೇಗ ತಿಳಿಯುತ್ತದೆ. ರೌಟರಿಗೆ ವೈರು ಸಿಕ್ಕಿಸಿ ಅಳೆಯುತ್ತಾರೆ. ಮೂರು ಸಲ ಅಳೆಯುತ್ತಾರೆ. ಹುಬ್ಬು ಗಂಟಾಗುತ್ತದೆ. “ಬರೋ ದಾರಿ, ಅಂದ್ರೆ ಡೌನ್‌ಲೋಡು, ಚೆನ್ನಾಗಿದೆ, ನಲವತ್ತು ಎಂಬಿ. ಹೋಗೋ ದಾರಿ, ಅಪ್‌ಲೋಡು, ಈ ಬೀದಿ ಲೈನಲ್ಲಿ ಐದು ಇರಬೇಕು, ಎರಡೇ ತೋರಿಸ್ತಿದೆ. ಅಮ್ಮಾ, ಮನೇಲಿ ಯಾರು ಎದ್ದಿದಾರೆ?”

“ನಾನೊಬ್ಳೇ.”

“ಟೀವಿ?”

“ಆಣೆ ಮಾಡ್ಲಾ? ಇನ್ನೂ ಹಚ್ಚಿಲ್ಲ.”

“ಹಾಗಾದ್ರೆ ಎಲ್ಲರೂ ಮಲಗಿದಾರೆ, ಆದ್ರೆ ಯಾರೋ ಒಬ್ರು ಮಾತಾಡ್ತಾನೇ ಇದಾರೆ” ಎಂದು ವೈರಕ್ಕ ಚಹಾದ ಲೋಟ ಕೈಗೆತ್ತಿಕೊಳ್ಳುತ್ತಾರೆ.

ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಹದಿನಾಲ್ಕು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಒಳಗೆ ಅರವತ್ತು ಫೋನು, ಹೊರಕ್ಕೆ ಎಂಟೇ ಲೈನು. “ಹೆರಿಗೆ ವಾರ್ಡಿಂದ ಕರೆ ಬಂತು ಅಂದ್ರೆ ದೊಡ್ಡ ಡಾಕ್ಟ್ರನ್ನೂ ಕಾಯಿಸ್ತಿದ್ದೆ. ಒಂದ್ಸಲ ಬಂದು ಬೈದ್ರು. ‘ಸಾರ್, ನೀವು ಕಾದ್ರೆ ಕೋಪ ಬರುತ್ತೆ, ಅವರು ಕಾದ್ರೆ ಮಗು ಬರುತ್ತೆ’ ಅಂದೆ. ಆಮೇಲೆ ಅವರೇ ದಿನಾ ನಮಸ್ಕಾರ ಹೇಳಿ ಹೋಗ್ತಿದ್ರು.”

ಆಮೇಲೆ ಬೋರ್ಡೇ ಹೋಯಿತು, ಅದರ ಜಾಗಕ್ಕೆ ತಾನೇ ಉತ್ತರಿಸುವ ಯಂತ್ರ ಬಂತು. ಎಂಟು ತಿಂಗಳು ವೈರಕ್ಕ ಮನೆಯಲ್ಲಿ ಕೂತರು. ಬಸ್ಸು ರಿಪೇರಿ ಮಾಡುತ್ತಿದ್ದ ಗಂಡನಿಗೆ ಅದೇ ವರ್ಷ ಬೆನ್ನು ಹಿಡಿದುಕೊಂಡಿತ್ತು. ಆ ದಿನಗಳಲ್ಲೇ ತಂಗಿಯ ಮನೆಗೆ ಹೊಸ ರೌಟರು ಬಂತು. ಡಬ್ಬಿಯೊಳಗಿನ ಪುಸ್ತಕವನ್ನು ತಂಗಿ ಕಸಕ್ಕೆ ಹಾಕುವುದರಲ್ಲಿದ್ದಳು. “ಕೊಡೇ ಇಲ್ಲಿ ಅಂತ ಇಸ್ಕೊಂಡೆ. ನಲವತ್ತನೇ ಪುಟದಲ್ಲಿ ನೋಡ್ತೀನಿ, ನನ್ನ ಹಳೇ ಬೋರ್ಡೇ ಕೂತಿದೆ! ಯಾರು ಮೊದಲು, ಯಾರು ಆಮೇಲೆ. ನಮ್ಮವರೇ ಸಿಕ್ಕ ಹಾಗಾಯ್ತು.” ತಂಗಿಯ ಮನೆಯ ಇಂಟರ್‌ನೆಟ್ಟನ್ನು ಮೂರು ಸಲ ಪೂರ್ತಿ ಕೆಡಿಸಿ, ನಾಲ್ಕನೆಯ ಸಲ ಸರಿ ಮಾಡಿದರು.

ಅದಾಗಿ ಏಳು ವರ್ಷ. ಈಗ ದಿನಕ್ಕೆ ನಾಲ್ಕು ಮನೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು, ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಒಂದು. ಓಡಾಟ ಸೈಕಲ್ಲಿನಲ್ಲಿ. ಐದಾರು ಸಾವಿರ ರೌಟರು ದಾಟಿರಬಹುದು ಅನ್ನುತ್ತಾರೆ. ನಾಯಿ ಕಚ್ಚಿದ್ದು ಎರಡು ಸಲ. ಬಾಗಿಲು ತೆರೆದವರು ಇವರ ಬೆನ್ನ ಹಿಂದೆ ಇಣುಕಿ “ಮೆಕ್ಯಾನಿಕ್ಕು ಎಲ್ಲಿ?” ಎಂದು ಕೇಳಿದ್ದಕ್ಕೆ ಲೆಕ್ಕವೇ ಇಲ್ಲ. “ಸೈಕಲ್ ನಿಲ್ಲಿಸಿ ಬರ್ತಿದಾರೆ ಅಂತ ಹೇಳಿ ಒಳಗೆ ಹೋಗ್ಬಿಡ್ತೀನಿ. ಅವರು ಬಾಗಿಲಲ್ಲಿ ಕಾಯೋ ಹೊತ್ತಿಗೆ ನನ್ನ ಅರ್ಧ ಕೆಲಸ ಮುಗಿದಿರುತ್ತೆ.”

ಏಳು ಗಂಟೆಗೆ ಮನೆ ಎದ್ದಿದೆ. ಅಡುಗೆಮನೆಯ ಮೇಜಿನ ಸುತ್ತ ನಾಲ್ವರು: ಅತ್ತೆ, ಮಾವ, ಮಗ, ಸೊಸೆ. ಇದು ವೈರಕ್ಕನ ಪದ್ಧತಿ. ಮನೆಯವರೆಲ್ಲ ಒಂದು ಕಡೆ ಕೂರದೆ ಅವರು ಒಂದು ಸೆಟ್ಟಿಂಗನ್ನೂ ಮುಟ್ಟುವುದಿಲ್ಲ. ಯಾರು ಹಿಂದೆ ಸರಿಯಬೇಕೋ ಅವರು “ನಾನು ಕಾಯ್ತೀನಿ” ಎಂದು ತಮ್ಮ ಬಾಯಿಂದಲೇ ಹೇಳಬೇಕು. ಮೊದಲ ವರ್ಷ ಯಾರನ್ನೂ ಕೇಳದೆ ಸರಿ ಮಾಡಿಟ್ಟು ಹೋಗುತ್ತಿದ್ದರಂತೆ. ಅವರ ಸೈಕಲ್ಲು ಬೀದಿ ತಿರುಗುವಷ್ಟರಲ್ಲಿ ಮನೆಯಲ್ಲಿ ಯಾರೋ ಒಬ್ಬರು ಎಲ್ಲವನ್ನೂ ಹಿಂದಿನಂತೆ ಮಾಡಿರುತ್ತಿದ್ದರು.

“ಸರಿ ಮಾಡೋಕೆ ಏನೂ ಇಲ್ಲ, ಎಲ್ಲಾ ನಾನೇ ಹೋದ ತಿಂಗಳು ಮಾಡಿದೀನಿ” ಎನ್ನುತ್ತಾನೆ ಮಗ. ಮನೆಗಳ ನಕ್ಷೆ ಬರೆಯುವವನು, ಅಳತೆಯ ಮನುಷ್ಯ. “ಆಫೀಸು ಅಂತ ಇರೋದನ್ನ ಎಲ್ಲಕ್ಕಿಂತ ಮೇಲೆ ಹಾಕಿದೀನಿ. ಎಲ್ಲರಿಗೂ ಹೇಳಿಯೇ ಹಾಕಿದ್ದು.”

“ಎಲ್ಲರಿಗೂ ಹೇಳಿದ್ರಾ?” ವೈರಕ್ಕನ ಧ್ವನಿಯಲ್ಲಿ ಅನುಮಾನ. ಲ್ಯಾಪ್‌ಟಾಪನ್ನು ಮೇಜಿನ ನಡುವೆ ಇಟ್ಟು, ರೌಟರಿಗೆ ಸೇರಿದ ಸಾಧನಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. “ಆಫೀಸು. ಆಫೀಸು ಒಂದು. ಆಫೀಸು ಎರಡು. ಆಫೀಸು ಅರ್ಜೆಂಟು. ಕೊನೇಲಿ ಅದೇನೋ ಉದ್ದದ ಅಕ್ಷರ, ಅಂಕಿ. ಇದೇನ್ರೀ, ಮನೆಯೋ ಸೆಕ್ರೆಟೇರಿಯಟ್ಟೋ?”

ಒಬ್ಬೊಬ್ಬರದಾಗಿ ಬಯಲಿಗೆ ಬರುತ್ತದೆ. ‘ಆಫೀಸು ಒಂದು’ ಮಗನ ಕಂಪ್ಯೂಟರು. ‘ಆಫೀಸು ಎರಡು’ ಅತ್ತೆಯ ಟೀವಿ. ಪಕ್ಕದ ಮನೆಯವಳ ಕೈಲಿ ಹೆಸರು ಬದಲಾಯಿಸಿಕೊಂಡಿದ್ದಾರೆ. ‘ಆಫೀಸು ಅರ್ಜೆಂಟು’ ಮಾವನ ಟ್ಯಾಬು, ಅದರಲ್ಲಿ ಅವರು ಚೆಸ್ ಆಡುತ್ತಾರೆ. ನಿಜವಾಗಿ ಆಫೀಸು ಇರುವವಳು ಸೊಸೆಯೊಬ್ಬಳೇ. ಅವಳು ಹೆಸರು ಬದಲಾಯಿಸುವ ಗೋಜಿಗೇ ಹೋಗಿಲ್ಲ. ಆ ಉದ್ದದ ಅಕ್ಷರ ಅಂಕಿಯೇ ಅವಳ ಲ್ಯಾಪ್‌ಟಾಪು. ಎಲ್ಲಕ್ಕಿಂತ ಕೆಳಗಿದೆ.

“ಹಾಗಾದ್ರೆ ಮೊದಲನೇ ಆಫೀಸು ಯಾರದು? ಹೋಗೋ ದಾರಿನ ಅರ್ಧಕ್ಕಿಂತ ಹೆಚ್ಚು ಅದೇ ತಿಂತಿದೆ. ಹಗಲೂ ರಾತ್ರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರಿದ್ದಾರೆ. ಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎದ್ದೇ ನಿಲ್ಲುತ್ತಾರೆ. “ನಾನು ಗಿಡಕ್ಕೆ ನೀರು ಹಾಕಿ ಬರ್ತೀನಿ.”

“ಕೂತ್ಕೊಳ್ರೀ” ಎನ್ನುತ್ತಾರೆ ಅತ್ತೆ. ಮಾವ ಕೂರುತ್ತಾರೆ.

ಸಂಗತಿ ಇಷ್ಟು. ಮೆಟ್ಟಿಲ ಬದಿಯ ಕುಂಡಗಳಲ್ಲಿ ಅವರು ಬೆಳೆಸಿದ ಗುಲಾಬಿಯನ್ನು ಯಾರೋ ಕೀಳುತ್ತಿದ್ದಾರೆಂಬ ಗುಮಾನಿ. ಯಾರಿಗೂ ಹೇಳದೆ ಬಾಗಿಲ ಮೇಲೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿದ್ದಾರೆ. ಅದು ಕಂಡದ್ದನ್ನೆಲ್ಲ ಇಂಟರ್‌ನೆಟ್ಟಿನ ಮೂಲಕ ಎಲ್ಲೋ ದೂರಕ್ಕೆ ಕಳಿಸಿ ಕೂಡಿಡುತ್ತದೆ. ಹಾಕುವಾಗ ಅದು ಹೆಸರು ಕೇಳಿತು. ಆಫೀಸನ್ನು ಮೇಲೆ ಹಾಕುತ್ತೇನೆಂದು ಮಗ ಹೇಳಿದ್ದ ವಾರವೇ ಅದು. ಮಾವ ‘ಆಫೀಸು’ ಎಂದು ಬರೆದರು. ಮಗ ಪಟ್ಟಿಯಲ್ಲಿ ಅದನ್ನು ಕಂಡು, ಹೆಂಡತಿಯದೇ ಎಂದುಕೊಂಡು, ಎತ್ತಿ ಎಲ್ಲಕ್ಕಿಂತ ಮೇಲೆ ಕೂರಿಸಿದ.

“ಅಪ್ಪಾ! ಅವಳ ಕೆಲಸ ಉಳೀಲಿ ಅಂತ ನಾನು ಗುಲಾಬಿ ಗಿಡಕ್ಕೆ ಸಿಂಹಾಸನ ಹಾಕಿದೀನಾ?”

“ಕಳ್ಳ ಸಿಕ್ಕಿದ್ನಾ ಮತ್ತೆ?” ವೈರಕ್ಕ ಕೇಳುತ್ತಾರೆ.

ಮಾವ ಬೆರಳು ಮಡಚಿ ಎಣಿಸುತ್ತಾರೆ. “ಹತ್ತೊಂಬತ್ತು ದಿನದಲ್ಲಿ ಒಂದ್ಸಲ ಬೆಕ್ಕು ಬಂದಿತ್ತು. ಉಳಿದಿದ್ದೆಲ್ಲ ನಾನೇ. ನೀರು ಹಾಕ್ತಿರೋದು.”

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ನಗದಿರುವವಳು ಸೊಸೆಯೊಬ್ಬಳೇ. ಗೋಡೆಯ ಗಡಿಯಾರ ಏಳೂ ಮುಕ್ಕಾಲು ತೋರಿಸುತ್ತಿದೆ. “ಮಾವ, ಇವತ್ತು ಕರೆ ನಿಂತ್ರೆ ನನಗೆ ಇನ್ನು ಕೆಲಸ ಕೊಡಲ್ಲ ಅಂದಿದಾರೆ” ಎನ್ನುತ್ತಾಳೆ ಮೆಲ್ಲಗೆ.

“ನನಗ್ಯಾರು ಹೇಳಿದ್ರು ಇದನ್ನ? ಮೊದಲೇ ಹೇಳಬಾರದಾ ಮಗಳೇ?” ಮುದುಕರು ಗದರುತ್ತಾರೆ. ಗದರಿಕೆ ಯಾರ ಮೇಲೆಂದು ಅವರಿಗೇ ಗೊತ್ತಿದ್ದಂತಿಲ್ಲ. ಆಮೇಲೆ ಗಂಟಲು ಸರಿ ಮಾಡಿಕೊಂಡು, “ನಾನು ಕಾಯ್ತೀನಿ” ಎನ್ನುತ್ತಾರೆ. ಕೇಳಿಸಲಿಲ್ಲ ಎಂದು ವೈರಕ್ಕ ಕಿವಿಗೆ ಕೈ ಹಚ್ಚುತ್ತಾರೆ. “ಕಾಯ್ತೀನಮ್ಮಾ! ಬೀದಿಗೆಲ್ಲ ಸಾರಬೇಕಾ?”

ಕ್ಯಾಮೆರಾ ಕೊನೆಯ ಸ್ಥಾನಕ್ಕೆ ಇಳಿಯುತ್ತದೆ. ಯಾರಾದರೂ ಎದುರಿಗೆ ಬಂದಾಗ ಮಾತ್ರ ಚಿತ್ರ ಕಳಿಸು ಎಂದು ಅದಕ್ಕೆ ಅಪ್ಪಣೆಯೂ ಆಗುತ್ತದೆ. ಸೊಸೆಯ ಲ್ಯಾಪ್‌ಟಾಪು ಮೇಲೇರುತ್ತದೆ, ಮಗನದು ಎರಡನೆಯದು, ಟೀವಿ ಮತ್ತು ಚೆಸ್ ಮೂರನೆಯದು. ಈಗ ಪರೀಕ್ಷೆ. ಅತ್ತೆಗೆ ಟೀವಿ ಹಚ್ಚಲು, ಮಾವನಿಗೆ ಚೆಸ್ ಆಡಲು, ಮಗನಿಗೆ ತನ್ನ ಅತಿ ದೊಡ್ಡ ನಕ್ಷೆಯನ್ನು ಯಾರಿಗಾದರೂ ಕಳಿಸಲು ಆಜ್ಞೆ ಕೊಟ್ಟು, ವೈರಕ್ಕ ಬೀದಿಗಿಳಿದು ತಮ್ಮ ಫೋನಿನಿಂದ ಸೊಸೆಗೆ ವಿಡಿಯೊ ಕರೆ ಮಾಡುತ್ತಾರೆ.

ಒಂದು ನಿಮಿಷ ಸರಿಯಿದೆ. ಆಮೇಲೆ ಸೊಸೆಯ ಮುಖ ನಿಲ್ಲುತ್ತದೆ.

ಎಂಟು ಗಂಟೆ ಹತ್ತು ನಿಮಿಷ. ವೈರಕ್ಕ ಎರಡೆರಡು ಮೆಟ್ಟಿಲು ಹತ್ತಿ ಒಳಗೆ ಬರುತ್ತಾರೆ. ಕನ್ನಡಕ ಏರಿಸಿ ಅದೇ ಪುಟವನ್ನು ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ ಓದುತ್ತಾರೆ. “ಈ ಹೋಗೋ ದಾರಿಯ ವೇಗ, ಹತ್ತು ಅಂತ ಬರೆದವರು ಯಾರು?”

“ನಾನೇ” ಎನ್ನುತ್ತಾನೆ ಮಗ. “ಇಂಟರ್‌ನೆಟ್ ಕಂಪನಿಯವರ ಕಾಗದದಲ್ಲಿ ಹಾಗೇ ಇತ್ತು.”

“ಕಾಗದದಲ್ಲಿ ಇರುತ್ತೆ. ಲೈನಲ್ಲಿ ಐದೇ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಈ ಪೆಟ್ಟಿಗೆಗೂ ಹೇಳಬೇಕಪ್ಪ.” ಬೈಯುವುದಿಲ್ಲ, ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ದಾರಿ ಹತ್ತರಷ್ಟು ಅಗಲ ಎಂದು ನಂಬಿದರೆ ರೌಟರು ಎಲ್ಲರನ್ನೂ ಒಟ್ಟಿಗೆ ಹೊರಕ್ಕೆ ಬಿಡುತ್ತದೆ. ನೂಕುನುಗ್ಗಲು ಮನೆಯ ಹೊರಗೆ, ಕಂಪನಿಯ ಪೆಟ್ಟಿಗೆಯ ಮುಂದೆ ಆಗುತ್ತದೆ. ಅಲ್ಲಿ ಸೊಸೆ ಯಾರು, ಟೀವಿ ಯಾವುದು ಎಂದು ಯಾರಿಗೂ ಗೊತ್ತಿಲ್ಲ. ನಿಜಕ್ಕಿಂತ ಒಂದಿಷ್ಟು ಕಡಿಮೆ ಬರೆದರೆ ಸಾಲು ಮನೆಯೊಳಗೇ ನಿಲ್ಲುತ್ತದೆ, ನಮ್ಮ ಮಾತು ಕೇಳುತ್ತದೆ. “ಇದನ್ನ ನಾನು ಮೊದಲೇ ನೋಡಬೇಕಿತ್ತು. ಗುಲಾಬಿ ಗಲಾಟೇಲಿ ಮರೆತೆ, ತಪ್ಪು ನಂದೇ” ಎನ್ನುತ್ತಾ ಹತ್ತನ್ನು ಅಳಿಸಿ ನಾಲ್ಕೂವರೆ ಎಂದು ಬರೆಯುತ್ತಾರೆ.

ಮತ್ತೆ ಬೀದಿಗೆ. ಮತ್ತೆ ಕರೆ. ಐದು ನಿಮಿಷ ಮುಖ ನಿಲ್ಲುವುದಿಲ್ಲ. ಎಂಟೂ ಇಪ್ಪತ್ತೇಳಕ್ಕೆ ಸೊಸೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ.

ನಡುಮನೆಯಲ್ಲಿ ಎಲ್ಲರೂ ಪರೀಕ್ಷೆಯ ಕೊಠಡಿಯ ಹೊರಗೆ ಕೂತ ತಂದೆತಾಯಿಗಳ ಹಾಗೆ ಕೂತಿದ್ದಾರೆ. ಹೆದರಿ ಯಾರೂ ಏನನ್ನೂ ಹಚ್ಚುತ್ತಿಲ್ಲ. “ಹಚ್ಚಿ, ಹಚ್ಚಿ. ನೀವು ಉಪವಾಸ ಕೂತ್ರೆ ನಾನು ಮಾಡಿದ್ದು ಕೆಲಸ ಹೇಗಾಗುತ್ತೆ?” ಎಂದು ವೈರಕ್ಕ ತಾವೇ ಟೀವಿ ಹಚ್ಚುತ್ತಾರೆ. ಬಾಗಿಲ ಆಚೆಯಿಂದ ಎರಡು ಭಾಷೆಗಳಲ್ಲಿ ಮಾತು ಸಣ್ಣಗೆ ಕೇಳಿಸುತ್ತಿದೆ. ನಿಲ್ಲುತ್ತಿಲ್ಲ. ಇಂಥ ಕೆಲಸ ಮಾಡುವವರಿಗೆ ಆಸೆ ಅಂತ ಏನಿರುತ್ತದೆ ಎಂದು ಕೇಳಿದೆ.

“ಆಸೆನಾ? ನನ್ನ ನಂಬರು ಎಲ್ಲರ ಫೋನಲ್ಲೂ ಇರಬೇಕು. ಒತ್ತೋ ಪ್ರಸಂಗ ಯಾರಿಗೂ ಬರಬಾರದು.” ನಗುತ್ತಾ ಸೇರಿಸುತ್ತಾರೆ. “ವರ್ಷಕ್ಕೊಂದ್ಸಲ ಬಂದ್ರೆ ಅಡ್ಡಿಯಿಲ್ಲ. ನಾನೂ ಬದುಕಬೇಕಲ್ಲ!”

ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಬಾಗಿಲು ತೆರೆಯುತ್ತದೆ. ಸೊಸೆಯ ಕೂದಲು ಕಿವಿಯ ಹಿಂದಿನಿಂದ ಜಾರಿದೆ, ಹಣೆ ಬೆವರಿದೆ.

“ಒಂದ್ಸಲಾನೂ ನಿಲ್ಲಲಿಲ್ಲ. ಒಬ್ಬರು ರೋಗಿ ಕಾಯ್ತಿದಾರೆ, ಅವರ ಕರೆ ಈಗಲೇ ತಗೊಳ್ತೀರಾ ಅಂತ ಕೇಳಿದ್ರು. ಹೂಂ ಅಂದೆ.”

“ಒಂದು ಗುಟುಕು ನೀರಾದ್ರೂ ಕುಡಿಯೇ!” ಅತ್ತೆ ಲೋಟ ಹಿಡಿದು ಏಳುತ್ತಾರೆ.

ಸೊಸೆ ನಿಂತಲ್ಲೇ ಕುಡಿದು, ಲೋಟ ಕೊಟ್ಟು, ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ. ವೈರಕ್ಕ ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಾರೆ. ಒಳಗೆ ಮಾತು ಶುರುವಾದ ಸ್ವಲ್ಪ ಹೊತ್ತಿಗೆ, ಈಗ ಸಾಲಿನಲ್ಲಿ ಹಿಂದೆ ನಿಂತಿರುವ ಟೀವಿಯ ಚಿತ್ರ ಮೆಲ್ಲಗೆ ಮಸುಕಾಗುತ್ತದೆ, ಮುಖಗಳ ಅಂಚು ಕದಡುತ್ತದೆ. ಅತ್ತೆ ಒಮ್ಮೆ ಮುಚ್ಚಿದ ಬಾಗಿಲ ಕಡೆ ನೋಡುತ್ತಾರೆ. ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಟೀವಿಗೆ ಒಂದು ಮಾರು ಹತ್ತಿರ ಹಾಕಿಕೊಂಡು ಕೂರುತ್ತಾರೆ.