ಮೇಸ್ತ್ರಿಯ ಮೂಗು ಮತ್ತು ನನ್ನ ಜೀಪಿನ ಟ್ಯಾಂಕ್

ತುಕ್ಕು ಹಿಡಿದು ತೂತಾದ ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕುವವರು ನಮ್ಮ ಕಡೆ ನಾಲ್ಕಾರು ಜನ ಇದ್ದರು. ಅವರೆಲ್ಲ ಟ್ಯಾಂಕಿಗೆ ನೀರು ತುಂಬಿಸಿ, ತೂತಿನ ಜಾಗವಷ್ಟೇ ಮೇಲಿರುವಂತೆ ಮಗುಚಿ ಇಟ್ಟು, ಆಮೇಲೆ ಬೆಂಕಿ ಹಿಡಿಯುವವರು. ನೀರು ನಿಂತ ಕಡೆ ಪೆಟ್ರೋಲಿನ ಆವಿ ನಿಲ್ಲುವುದಿಲ್ಲ, ಜೀವಕ್ಕೆ ಭಯವಿಲ್ಲ. ಆದರೆ ಕೆಳಗೆ ನೀರಿದ್ದರೆ ತಗಡು ಸರಿಯಾಗಿ ಕಾಯುವುದಿಲ್ಲ, ಬೆಸುಗೆಗೆ ಕರಗಿಸುವ ಹಿತ್ತಾಳೆ ನೆಟ್ಟಗೆ ಕೂರುವುದಿಲ್ಲ, ಆರು ತಿಂಗಳಿಗೆ ಮತ್ತೆ ಸೋರುತ್ತದೆ.

ನಮ್ಮ ಮೇಸ್ತ್ರಿ ನೀರು ತುಂಬಿಸುತ್ತಿರಲಿಲ್ಲ. ಬಿಸಿ ಸೋಡಾ ನೀರಿನಲ್ಲಿ ಮೂರು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ, ಟ್ಯಾಂಕಿನ ಬಾಯಿಗೆ ಮೂಗಿಟ್ಟು ಉದ್ದಕ್ಕೆ ಒಂದು ಉಸಿರು ಎಳೆಯುತ್ತಿದ್ದರು. ‘ಹೂಂ’ ಅಂದರೆ ಬೆಂಕಿ, ‘ಉಹೂಂ’ ಅಂದರೆ ಇನ್ನೊಂದು ಸಲ ತೊಳೆಯಬೇಕು. ಮೂವತ್ತೆಂಟು ವರ್ಷ ಆ ಮೂಗು ತಪ್ಪು ಹೇಳಿರಲಿಲ್ಲ. ಬೀದಿಯವರೆಲ್ಲ ಮೂಗಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕೋಪವೂ ಅದೇ ಮೂಗಿನ ತುದಿಯಲ್ಲೇ ಇರುತ್ತಿತ್ತು ಅನ್ನಿ. ಎದುರಿನ ಟಯರ್ ಅಂಗಡಿಯವನು ಒಮ್ಮೆ ಗಿರಾಕಿಗಳ ಮುಂದೆ, “ಅಣ್ಣ, ವಯಸ್ಸಾಯ್ತು, ನೀವೂ ನೀರು ತುಂಬಿಸಿಯೇ ಮಾಡಬಾರದಾ?” ಅಂದುಬಿಟ್ಟ. “ಗಾಳಿ ತುಂಬಿಸೋನು ಗಾಳಿ ತುಂಬಿಸ್ಕೊಂಡು ಬಿದ್ದಿರು,” ಎಂದು ಬೈದವರು ಆರು ವರ್ಷ ಅವನ ಮುಖ ನೋಡಲಿಲ್ಲ. ಎರಡು ಅಂಗಡಿಗಳ ನಡುವೆ ಇದ್ದದ್ದು ಹನ್ನೆರಡು ಹೆಜ್ಜೆ. ಅಷ್ಟು ಹತ್ತಿರದಲ್ಲಿದ್ದು ಒಬ್ಬನ ಮುಖ ನೋಡದೆ ಆರು ವರ್ಷ ಕಳೆಯುವುದೂ ಒಂದು ಕಸುಬೇ.

ಅಂಥವರ ಮೂಗು ಹೋಯಿತು. ಒಂದು ವಾರ ಜ್ವರ ಬಂತು, ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಪೆಟ್ರೋಲ್, ಸೋಪು, ಹೂವು, ಚರಂಡಿ ಎಲ್ಲ ಒಂದೇ. ಮೇಸ್ತ್ರಿ ಯಾರಿಗೂ ಬಾಯಿ ಬಿಡಲಿಲ್ಲ. ಮೂಗಿಲ್ಲದ ಮೂಗಿನ ಮೇಸ್ತ್ರಿಗೆ ಯಾರು ಟ್ಯಾಂಕ್ ಕೊಡುತ್ತಾರೆ? ಮತ್ತೆ ಆವಿ ಉಳಿದ ಟ್ಯಾಂಕಿಗೆ ಬೆಂಕಿ ಹಿಡಿದರೆ ಟ್ಯಾಂಕೂ ಇಲ್ಲ, ಮೇಸ್ತ್ರಿಯೂ ಇಲ್ಲ. ಅದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆದರೂ ಎಂಟು ತಿಂಗಳು ಕೆಲಸ ನಡೆಯಿತು. ಹೇಗೆ ಅಂದರೆ, ಹೆಂಡತಿಯ ಬೈಗುಳದಿಂದ. ಅಂಗಡಿಯ ಹಿಂದೆಯೇ ಮನೆ, ಅಡುಗೆಮನೆ ಕಿಟಕಿ ತೆರೆಯುವುದು ಟ್ಯಾಂಕ್ ಒಣಗಿಸುವ ಅಂಗಳಕ್ಕೆ. ಮೇಸ್ತ್ರಿಯ ಹೆಂಡತಿ, ನಮಗೆಲ್ಲ ಅಕ್ಕ, ಮದುವೆಯಾದ ದಿನದಿಂದ ಆ ಕಿಟಕಿಯಲ್ಲಿ ನಿಂತು ಪೆಟ್ರೋಲ್ ವಾಸನೆಗೆ ಬೈದುಕೊಂಡೇ ಬಂದವರು. “ಇನ್ನೂ ನಾತ ಹೊಡೀತಿದೆ ಕಣ್ರೀ, ಆ ದರಿದ್ರಾನ ಆಚೆ ಇಡಿ!” ಅಂದರೆ ಮೇಸ್ತ್ರಿ ಮತ್ತೆ ತೊಳೆಯುತ್ತಿದ್ದರು. ಕಿಟಕಿ ಸುಮ್ಮನಿದ್ದರೆ ಬೆಂಕಿ ಹಚ್ಚುತ್ತಿದ್ದರು. ಪಾಪ ಇವಳಿಗೇನು ಗೊತ್ತು, ಅಭ್ಯಾಸಬಲದಿಂದ ಬೈಯುತ್ತಾಳೆ, ನಾನು ಉಪಯೋಗಿಸಿಕೊಳ್ಳುತ್ತೇನೆ ಎಂದು ಅವರ ಲೆಕ್ಕ. ಅಕ್ಕನಿಗೋ ಎಲ್ಲ ಗೊತ್ತಿತ್ತು. ಒಲೆ ಆರಿಸಿ, ಕಿಟಕಿಯಾಚೆ ತಲೆ ಹಾಕಿ, ಬೇಕೆಂದೇ ಮೂಸಿ, ಬೇಕೆಂದೇ ಬೈಯುತ್ತಿದ್ದರು. ಒಬ್ಬರಿಗೊಬ್ಬರು ತುಟಿಪಿಟಕ್ಕೆನ್ನಲಿಲ್ಲ. ಇದನ್ನೆಲ್ಲ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದು ಆಮೇಲೆ.

ನಾನು ದನಗಳ ಡಾಕ್ಟರು. ಗುಡ್ಡದ ಮೇಲಿನ ಕುರಿಹಟ್ಟಿಗಳಿಗೆ ಹತ್ತುವ ಗಾಡಿ ಅಂದರೆ ನಮ್ಮ ಸೋದರಮಾವ ಬಿಟ್ಟುಹೋದ ಹಳೇ ಜೀಪೊಂದೇ. ಅದರ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಅದು ಸೋರಲು ಶುರುವಾದಾಗ ಬಟ್ಟೆ ಸೋಪನ್ನು ನಾದಿ ತೂತಿಗೆ ಮೆತ್ತಿದೆ. ಇನ್ನೊಂದು ಕಡೆ ಜಿನುಗಿತು, ಅಲ್ಲಿಗೂ ಮೆತ್ತಿದೆ. ಹೀಗೆ ಮೂರು ತಿಂಗಳು ಪೆಟ್ರೋಲಿನ ಮೇಲೆ ಕೂತು ಓಡಾಡಿದ್ದೇನೆ, ನನ್ನ ಬುದ್ಧಿಗಿಷ್ಟು. ಹಸುಗಳು ನನ್ನನ್ನು ಮೂಸಿ ಮುಖ ತಿರುಗಿಸುತ್ತಿದ್ದವು. ಕೊನೆಗೆ ಸೋರಿಕೆ ಸೋಪಿಗೂ ಬಗ್ಗದಾದಾಗ ಮೇಸ್ತ್ರಿಯ ಬಳಿಗೆ ಹೋದೆ.

ಅವತ್ತು ಬೆಳಗ್ಗೆಯೇ ಟ್ಯಾಂಕ್ ಬಿಚ್ಚಿದರು. ತುಕ್ಕು ಉದುರಲೆಂದು ಒಳಗೆ ನೀರು, ಒಂದು ಹಿಡಿ ನಟ್ಟು, ತುಂಡು ಚೈನು ಹಾಕಿ, ಮಗುವನ್ನು ತೂಗುವ ಹಾಗೆ ಅತ್ತಿಂದಿತ್ತ ಆಡಿಸಿದರು. ಇಟ್ಟಿಗೆ ಬಣ್ಣದ ನೀರು ಬಂತು. ಮೂರು ಸಲ ತೊಳೆದು ಒಣಗಲು ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ಪಕ್ಕ ನಿಂತು ಪದೇ ಪದೇ ಕಿಟಕಿಯ ಕಡೆ ನೋಡತೊಡಗಿದರು. ಟೀಗೆ ಕಾಯುತ್ತಿದ್ದಾರೆ ಅಂದುಕೊಂಡೆ. ಒಳಗಿನಿಂದ ಒಂದು ಸೀನು ಕೇಳಿಸಿತು, ಬೈಗುಳ ಕೇಳಿಸಲಿಲ್ಲ. ಗಂಡಸಿಗೆ ಹೆಂಡತಿಯ ನೆಗಡಿ ಕಣ್ಣಿಗೆ ಬೀಳುವುದುಂಟೆ? ಬೈಗುಳವಿಲ್ಲ ಅಂದಮೇಲೆ ಟ್ಯಾಂಕ್ ಚೊಕ್ಕ ಎಂದು ತೀರ್ಮಾನಿಸಿದರು.

ಆದರೂ ಏನೋ ಅಳುಕು. ನನ್ನ ಕಡೆ ತಿರುಗಿ, “ನೋಡಿ ಡಾಕ್ಟ್ರಮ್ಮ, ನಿಮ್ಮ ಟ್ಯಾಂಕು ಹೇಗಾಗಿದೆ,” ಎಂದರು, ಹೆಮ್ಮೆಯಿಂದ ತೋರಿಸುವವರ ಹಾಗೆ. ನಾನು ಬಗ್ಗಿ ಮೂಸಿದೆ. ಏನೂ ತಿಳಿಯಲಿಲ್ಲ.

“ಚೊಕ್ಕವಾಗಿದೆ ಮೇಸ್ತ್ರಿ,” ಅಂದೆ.

ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡರು. ಬೆಸುಗೆಯ ನಳಿಕೆಯನ್ನು ಕೈಗೆ ತೆಗೆದುಕೊಂಡು ಗ್ಯಾಸ್ ತಿರುಗಿಸಿದರು. ಅದು ಬುಸ್ಸೆಂದಿತು. ಲೈಟರಿಗೆ ಕೈ ಹಾಕಿದರು.

ಹಿಂದಿನ ಬಾಗಿಲು ದಡಾರನೆ ಗೋಡೆಗೆ ಬಡಿಯಿತು. ಕೆದರಿದ ಕೂದಲು, ಮೈಮೇಲೆ ಕಂಬಳಿ, ಬರಿಗಾಲು, ಅಕ್ಕ ಓಡಿಬಂದರು.

“ಹಚ್ಚಬೇಡ್ರೀ! ನಂಗೆ ನೆಗಡಿ ಕಣ್ರೀ, ನೆಗಡಿ! ಬೆಳಗ್ಗೆಯಿಂದ ಮೂಗು ಕಟ್ಟಿದೆ, ಏನೂ ಗೊತ್ತಾಗ್ತಿಲ್ಲ. ಮಾತ್ರೆ ತಗೊಂಡು ಮಲಗಿಬಿಟ್ಟಿದ್ದೆ. ನಾನು ಬೈಲಿಲ್ಲ ಅಂದ್ರೆ ವಾಸನೆ ಇಲ್ಲ ಅಂತಲ್ಲ!”

ಮೇಸ್ತ್ರಿಯ ಕೈ ಅಲ್ಲೇ ನಿಂತಿತು. ಗ್ಯಾಸ್ ನಿಲ್ಲಿಸಿದರು. ಕನ್ನಡಕ ತೆಗೆದರು.

“ನಿಂಗೆ ಗೊತ್ತಿತ್ತಾ?”

“ಹಾಲು ಉಕ್ಕಿ ಸೀದು ಮನೆಯೆಲ್ಲ ಕಮರು ವಾಸನೆ ತುಂಬಿದ್ರೂ ನೀವು ಒಲೆ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಲ್ಲ, ಆವತ್ತಿಂದ ಗೊತ್ತು.”

“ಹೇಳಬಾರದಿತ್ತಾ?”

“ನೀವು ಹೇಳಬಾರದಿತ್ತಾ?”

ನಡುವೆ ನನ್ನದೊಂದು ಅಧಿಕಪ್ರಸಂಗ: “ನಾನು ಮೂಸಿ ನೋಡಿದ್ದೀನಲ್ಲ ಅಕ್ಕ, ಏನೂ ಇಲ್ಲ.”

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮೂರು ತಿಂಗಳಿಂದ ಅದರ ಮೇಲೇ ಕೂತಿದ್ದೀರಿ ಡಾಕ್ಟ್ರಮ್ಮ. ನಿಮ್ಮ ಮೂಗಿಗೆ ಅದು ಗಾಳಿ ಇದ್ದ ಹಾಗೆ.”

ಅಲ್ಲಿದ್ದದ್ದು ಮೂರು ಮೂಗು, ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ಮೇಸ್ತ್ರಿ ಟ್ಯಾಂಕನ್ನು ಎರಡು ಕೈಯಲ್ಲಿ ತಬ್ಬಿ ಎತ್ತಿಕೊಂಡು ಬೀದಿ ದಾಟಿದರು.

ಟಯರ್ ಅಂಗಡಿಯವನು ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಲೆಯೆತ್ತಿದರೆ ಎದುರಿಗೆ ಮೇಸ್ತ್ರಿ. ಅಂಗಡಿಯಲ್ಲಿದ್ದ ಗಿರಾಕಿಗಳೂ ತಿರುಗಿ ನೋಡಿದರು.

“ಇದನ್ನ ಸ್ವಲ್ಪ ಮೂಸಿ ಹೇಳ್ತೀಯಾ?” ಎಂದರು ಮೇಸ್ತ್ರಿ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ನನ್ನ ಮೂಗು ಹೋಗಿದೆ. ಎಂಟು ತಿಂಗಳಾಯ್ತು.”

ಅವನು ನಗಬಹುದಿತ್ತು. ಆರು ವರ್ಷದ ಬಾಕಿ ತೀರಿಸಿಕೊಳ್ಳಬಹುದಿತ್ತು. ಏನೂ ಮಾಡಲಿಲ್ಲ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಟ್ಯಾಂಕಿನ ಬಾಯಿಗೆ ಬಗ್ಗಿದ. ಬಗ್ಗಿದಷ್ಟೇ ಬೇಗ ತಲೆ ಹಿಂದಕ್ಕೆ ಎಳೆದುಕೊಂಡ.

“ಇದೆ ಅಣ್ಣ. ಚೆನ್ನಾಗೇ ಇದೆ. ಕಣ್ಣು ಉರೀತಿದೆ.”

ಇತ್ತ ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಜೋರಾಗಿ ಅತ್ತುಬಿಟ್ಟರು. ಅವರನ್ನು ಹಿಡಿದುಕೊಂಡು ನಾನೂ ಅತ್ತೆ.

ಟ್ಯಾಂಕನ್ನು ಇಬ್ಬರೂ ಆಚೀಚೆ ಹಿಡಿದು ವಾಪಸ್ ತಂದರು. ತಳದ ಮೂಲೆಯಲ್ಲಿ ತುಕ್ಕಿನ ಹಕ್ಕಳೆಯೊಂದು ಎದ್ದು, ಅದರ ಹಿಂದೆ ನಾನು ಮೆತ್ತಿದ ಸೋಪು ತೂತಿನಿಂದ ಒಳಗಿಳಿದು ನೆಂದು ಪೆಟ್ರೋಲ್ ಕುಡಿದು ಕೂತಿತ್ತು. ಮೇಸ್ತ್ರಿ ಅದನ್ನು ಕಡ್ಡಿಯಲ್ಲಿ ಕೆರೆದು ತೆಗೆದರು. ಮತ್ತೆ ಎರಡು ಸಲ ತೊಳೆದರು. ಟಯರ್ ಅಂಗಡಿಯವನು ತನ್ನ ಗಿರಾಕಿಗಳನ್ನು ಕಾಯಿಸಿ ಎರಡು ಸಲವೂ ಬಂದು ಮೂಸಿದ. ‘ಇಲ್ಲ’ ಅಂದಮೇಲೂ ನಂಬಿಕೆಯಾಗದೆ ಇನ್ನೊಮ್ಮೆ ಮೂಸಿದ. ಸಂಜೆಯ ಹೊತ್ತಿಗೆ ಹಿತ್ತಾಳೆ ಕರಗಿ ತೂತುಗಳ ಮೇಲೆ ಹರಡಿ ಕೂತಿತು.

ಕೆಲಸ ಮುಗಿಸಿ ಮೇಸ್ತ್ರಿ ಮೆಟ್ಟಿಲ ಮೇಲೆ ಹೆಂಡತಿಯ ಪಕ್ಕ ಬಂದು ಕೂತರು. ಬಹಳ ಹೊತ್ತು ಕೈಯ ಮಸಿ ತಿಕ್ಕಿಕೊಂಡರು.

“ಇನ್ಮೇಲೆ ಕಿಟಕಿಯಿಂದ ಬೈಬೇಡ,” ಎಂದರು. “ನಾನೇ ಕರೀತೀನಿ. ಇಲ್ಲಿಗೇ ಬಂದು ಮೂಸಿ ಹೇಳು.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. “ಕರೆದ್ರೆ ಬರ್ತೀನಿ. ಆದ್ರೆ ಬೈಯೋದು ಬಿಡಲ್ಲ.”